ಹಳೆಯ ಫಿಯಟ್ ರೆಸ್ಟೋರ್ ಮಾಡುವವರಿಗೆ: ಮೊದಲು ಬ್ರೇಕು, ಕೊನೆಗೆ ಬಣ್ಣ

ಹಳೆಯ ಕಾರು ಕೊಂಡವರಲ್ಲಿ ಬಹಳ ಮಂದಿ ಮೊದಲು ಓಡುವುದು ಪೇಂಟಿಂಗ್ ಶಾಪ್‌ಗೆ. ಕೆಲವೇ ತಿಂಗಳಲ್ಲಿ ಕಾರು ಮಿರಿಮಿರಿ ಮಿಂಚುತ್ತದೆ. ಆದರೆ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಬ್ರೇಕ್ ಹಿಡಿಯುವುದಿಲ್ಲ. ಆಮೇಲೆ ಎಂಜಿನ್ ಇಳಿಸುವಾಗ ಹೊಸ ಬಣ್ಣದ ಮೇಲೆ ಸ್ಪ್ಯಾನರ್ ಬೀಳುತ್ತದೆ. ಬ್ರೇಕ್ ಆಯಿಲ್ ಚೆಲ್ಲಿದ ಕಡೆ ಪೇಂಟ್ ಸುಕ್ಕಾಗಿ ಏಳುತ್ತದೆ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ದುಡ್ಡೂ ಖಾಲಿ, ಹುಮ್ಮಸ್ಸೂ ಖಾಲಿ. ಟಾರ್ಪಾಲಿನ್ ಹೊದ್ದು ಮೂಲೆ ಸೇರಿದ ಎಷ್ಟೋ ಕಾರುಗಳ ಕಥೆ ಇಷ್ಟೇ.

ಇಲ್ಲಿ ಹೇಳುವ ಕ್ರಮ ಇದಕ್ಕೆ ತದ್ವಿರುದ್ಧ. ಮೊದಲು ಕಾಗದಪತ್ರ, ಆಮೇಲೆ ತುಕ್ಕಿನ ತಪಾಸಣೆ. ಅದಾದ ಮೇಲೆ ಕಾರು ನಿಲ್ಲುವಂತೆ ಮಾಡಬೇಕು, ನಂತರ ಓಡುವಂತೆ ಮಾಡಬೇಕು. ಚಂದ ಕಾಣಿಸುವ ಕೆಲಸವೆಲ್ಲ ಕೊನೆಗೆ. ಉದಾಹರಣೆಗೆ ಫಿಯಟ್ 1100 ಹಿಡಿದುಕೊಂಡಿದ್ದೇನೆ, ಅಂದರೆ ಡಿಲೈಟ್, ಪ್ರೆಸಿಡೆಂಟ್, ಪದ್ಮಿನಿ. ಅಂಬಾಸಿಡರ್, ಹೆರಾಲ್ಡ್ ಇಟ್ಟುಕೊಂಡವರಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

ಯಾಕೆ ಫಿಯಟ್

ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಇಟಲಿಯ ಫಿಯಟ್‌ನಿಂದ ಲೈಸೆನ್ಸ್ ಪಡೆದು 1964ರಲ್ಲಿ 1100 ಡಿ ಮಾದರಿ ಶುರು ಮಾಡಿತು. ಜನರ ಬಾಯಲ್ಲಿ ಅದು ಡಿಲೈಟ್. 1972ರ ಹೊತ್ತಿಗೆ ಪ್ರೀಮಿಯರ್ ಪ್ರೆಸಿಡೆಂಟ್ ಅಂತ ಹೆಸರು ಬದಲಾಯಿತು, 1974ರಿಂದ ಪ್ರೀಮಿಯರ್ ಪದ್ಮಿನಿ. ಹೆಸರು ಮೂರಾದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಲಿವರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಹಿಂದೆ ಲೀಫ್ ಸ್ಪ್ರಿಂಗ್.

ಮೂರು ದಶಕಕ್ಕೂ ಜಾಸ್ತಿ ಕಾಲ ಇದೇ ಕಾರು ತಯಾರಾದ್ದರಿಂದ ಬಿಡಿಭಾಗ ಇನ್ನೂ ಸಿಗುತ್ತವೆ. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರಲ್ಲಿ, ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೂ ಅವುಗಳನ್ನು ಓಡಿಸಲು ಯಾರೋ ಕಿಟ್, ಗ್ಯಾಸ್ಕೆಟ್, ಬುಷ್ ಮಾಡುತ್ತಲೇ ಇದ್ದರು. ಬೆಂಗಳೂರಿನವರು ಹೊಸ ಭಾಗಕ್ಕೆ ಜೆ.ಸಿ. ರಸ್ತೆ, ಹಳೆಯ ಭಾಗಕ್ಕೆ ಶಿವಾಜಿನಗರದ ಗುಜರಿ ಸುತ್ತಬಹುದು. ಅಲ್ಲಿ ಸಿಗದಿದ್ದರೆ ಕುರ್ಲಾದ ಸಿಎಸ್‌ಟಿ ರಸ್ತೆ.

ಇನ್ನೊಂದು ಕಾರಣವೂ ಇದೆ. ಬಾನೆಟ್ ಎತ್ತಿದರೆ ಕೆಳಗೆ ನೆಲ ಕಾಣಿಸುತ್ತದೆ. ಕೈ ಹಾಕಲು ಜಾಗವಿದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾರು ನನಗೆ ಗೊತ್ತಿಲ್ಲ.

ಕಾಗದಪತ್ರ ಸರಿ ಇಲ್ಲದಿದ್ದರೆ ಕಾರು ಮುಟ್ಟಬೇಡಿ

ಆರ್‌ಸಿ ಇಲ್ಲದ ಕಾರು ಎಷ್ಟೇ ಅಗ್ಗವಾಗಿರಲಿ, ಅದು ಬಿಡಿಭಾಗಗಳ ಗುಡ್ಡೆ ಮಾತ್ರ. ಕಾರಿನ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ನೀವೇ ಕಣ್ಣಾರೆ ಓದಿ ಆರ್‌ಸಿ ಜೊತೆ ತಾಳೆ ನೋಡಿ. ಗ್ರೀಸು, ಬಣ್ಣ ಮೆತ್ತಿಕೊಂಡಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರ ಮೂಡುತ್ತವೆ. ಈ ಕಾರುಗಳಿಗೆ ಎಂಜಿನ್ ಬದಲಾಯಿಸುವುದು ಒಂದು ಕಾಲಕ್ಕೆ ಮಾಮೂಲಿಯಾಗಿತ್ತು, ಅದನ್ನು ಆರ್‌ಸಿಯಲ್ಲಿ ಬರೆಸುವುದು ಮಾಮೂಲಿಯಾಗಿರಲಿಲ್ಲ.

ಮಾಲೀಕತ್ವ ವರ್ಗಾವಣೆಗೆ ಫಾರ್ಮ್ 29 ಮತ್ತು 30. ಹೊರರಾಜ್ಯದ ಕಾರಾದರೆ ಅಲ್ಲಿಂದ ಎನ್‌ಒಸಿ, ಅಂದರೆ ಫಾರ್ಮ್ 28. ಕಾರು ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ವಾರಸುದಾರರು ಫಾರ್ಮ್ 31 ಮೂಲಕ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ‘ಆಮೇಲೆ ನೋಡೋಣ ಸಾರ್’ ಅಂದರೆ ನಂಬಬೇಡಿ. ಸಹಿ ಹಾಕಬೇಕಾದವರೆಲ್ಲ ಬದುಕಿದ್ದಾಗಲೇ, ಒಂದೇ ಊರಲ್ಲಿ ಸಿಗುವಾಗಲೇ ಮುಗಿಸಿಕೊಳ್ಳಿ.

ಖಾಸಗಿ ಕಾರಿನ ನೋಂದಣಿ 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಅದಕ್ಕೆ ಗಾಡಿ ಫಿಟ್‌ನೆಸ್ ಪಾಸಾಗಬೇಕು. ಶುಲ್ಕ ಇತ್ತೀಚೆಗೆ ಏರಿದೆ, ಕೊಳ್ಳುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ.

50 ವರ್ಷ ದಾಟಿದ ಕಾರಿಗೆ ಇನ್ನೊಂದು ದಾರಿ ಇದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಭಾಗ ಸೇರಿತು. ಮೊದಲ ನೋಂದಣಿಯಿಂದ 50 ವರ್ಷ ಕಳೆದ, ಬಾಡಿ, ಚಾಸಿ, ಎಂಜಿನ್ ಹೆಚ್ಚು ಬದಲಾಗದೆ ಮೂಲ ರೂಪದಲ್ಲೇ ಇರುವ ವಾಹನಕ್ಕೆ ಇದು ಅನ್ವಯ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, 10 ವರ್ಷದ ಅವಧಿ, ಮುಂದಿನ ನೋಂದಣಿಗೆ 5,000 ರೂಪಾಯಿ. ಹೊಸ ನೋಂದಣಿಯಾದರೆ ನಂಬರ್‌ನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಮೊದಲೇ ನೋಂದಣಿ ಇರುವ ಕಾರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ‘ಎಂವೈ’ಯಿಂದ ಶುರುವಾಗುವ ಹಳೆಯ ಮೈಸೂರು ನಂಬರ್ ಇದ್ದರೆ ಅದನ್ನು ಬಿಟ್ಟುಕೊಡಬೇಡಿ, ಕಾರಿನ ಅರ್ಧ ಚಂದ ಅದೇ. ಆದರೆ ಇದರಲ್ಲೊಂದು ಕಟ್ಟು ಇದೆ. ವಿಂಟೇಜ್ ನೋಂದಣಿಯ ಕಾರನ್ನು ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಆಫೀಸಿಗೆ ಒಯ್ಯುವಂತಿಲ್ಲ. ಭಾನುವಾರ ತಿಂಡಿಗೆ ಅಂತ ನಂದಿ ಬೆಟ್ಟಕ್ಕೆ ಹೋಗುವ ಆಸೆ ಇದ್ದರೆ ಮಾಮೂಲಿ ನವೀಕರಣವೇ ವಾಸಿ.

ತುಕ್ಕು ಹುಡುಕುವುದು

ಈ ಕಾರಿಗೆ ಲಾರಿಗಿರುವಂಥ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯ ತಗಡೇ ಅದರ ಬೆನ್ನೆಲುಬು. ಹಾಗಾಗಿ ಎಂಜಿನ್ ಕೆಟ್ಟಿದ್ದರೆ ಹೆದರಬೇಡಿ, ತಗಡು ಹೋಗಿದ್ದರೆ ಹೆದರಿ. ಎಂಜಿನ್ ಇನ್ನೊಂದು ಸಿಗುತ್ತದೆ. ಬಾಗಿಲ ಕೆಳಗಿನ ಸಿಲ್ ಕೊಳೆತು ನಡುವೆ ಬಾಗಿದ ಬಾಡಿಯನ್ನು ನೇರ ಮಾಡುವ ಟಿಂಕರ್ ಸುಲಭಕ್ಕೆ ಸಿಗುವುದಿಲ್ಲ.

ನೋಡಲು ಹೋಗುವಾಗ ಒಂದು ಸಣ್ಣ ಅಯಸ್ಕಾಂತ, ಅದಕ್ಕೆ ಸುತ್ತಲು ಕರವಸ್ತ್ರ, ಒಂದು ಹಳೆಯ ಸ್ಕ್ರೂಡ್ರೈವರ್, ಟಾರ್ಚ್ ಇರಲಿ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಫೆಂಡರ್ ಅಂಚು, ಬಾಗಿಲ ಕೆಳಭಾಗ, ಹೆಡ್‌ಲೈಟ್ ಸುತ್ತ ಮೆಲ್ಲಗೆ ಎಳೆಯಿರಿ. ತಗಡು ಇದ್ದಲ್ಲಿ ಕಚ್ಚುತ್ತದೆ. ದಪ್ಪಕ್ಕೆ ಪುಟ್ಟಿ ಮೆತ್ತಿದಲ್ಲಿ ಜಾರುತ್ತದೆ. ಮ್ಯಾಟ್ ಎತ್ತಿ ಫ್ಲೋರ್ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಕೆಳಗೆ ನೋಡಿ. ಮಾಲೀಕರ ಒಪ್ಪಿಗೆ ಕೇಳಿ ಸಿಲ್‌ನ ಅಡಿಭಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಟಣ್ ಅಂದರೆ ಒಳ್ಳೆಯದು. ಕರಕರ ಅಂದು ಕಂದು ಪುಡಿ ಉದುರಿದರೆ ಬೆಲೆ ಇಳಿಸಿ ಮಾತಾಡಿ, ಇಲ್ಲವೇ ಟೀ ಕುಡಿದು ವಾಪಸ್ ಬನ್ನಿ.

ಎಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ ಬಾಗಿಲಿನದು. ಒಂದು ಬದಿಯ ಸಿಲ್ ಕೆಳಗೆ ಜ್ಯಾಕಿ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿ, ಅದೇ ಬದಿಯ ಬಾಗಿಲು ತೆಗೆದು ಹಾಕಿ ನೋಡಿ. ಗಟ್ಟಿ ಬಾಡಿಯಲ್ಲಿ ಬಾಗಿಲು ಮೊದಲಿನಂತೆಯೇ ಕೂರುತ್ತದೆ. ಕೊಳೆತ ಬಾಡಿಯಲ್ಲಿ ಬಾಗಿಲ ಸಂದು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾಗುತ್ತದೆ, ಬಾಗಿಲು ಕೊಂಡಿಗೆ ಸಿಕ್ಕುವುದೇ ಇಲ್ಲ.

ಕಾರು ಎಲ್ಲಿ ಬೆಳೆದಿದೆ ಅನ್ನುವುದೂ ಮುಖ್ಯ. ಮಂಗಳೂರು, ಕಾರವಾರದ ಉಪ್ಪುಗಾಳಿ ಮತ್ತು ಮಳೆಯಲ್ಲಿ ನಿಂತ ಕಾರಿಗಿಂತ ಬಳ್ಳಾರಿ, ವಿಜಯಪುರದ ಒಣಗಾಳಿಯಲ್ಲಿ ಬಣ್ಣ ಸುಟ್ಟುಕೊಂಡು ನಿಂತ ಕಾರು ಎಷ್ಟೋ ಮೇಲು. ನೋಡಲು ಎರಡನೆಯದು ಬಡಪಾಯಿಯಂತೆ ಕಾಣಬಹುದು. ಕೊಳ್ಳಬೇಕಾದ್ದು ಅದನ್ನೇ.

ಬಿಚ್ಚುವ ಮುನ್ನ

ಬಿಚ್ಚುವುದು ಎರಡು ದಿನದ ಕೆಲಸ, ಜೋಡಿಸುವುದು ಎರಡು ವರ್ಷದ ಕೆಲಸ. ಎರಡು ವರ್ಷದ ನಂತರ ಯಾವ ಬೋಲ್ಟ್ ಎಲ್ಲಿಯದು ಅಂತ ಯಾರಿಗೂ ನೆನಪಿರುವುದಿಲ್ಲ. ಪ್ರತಿ ಭಾಗ ತೆಗೆಯುವ ಮುಂಚೆ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ, ದೂರದಿಂದ ಒಂದು, ಹತ್ತಿರದಿಂದ ಒಂದು. ನಟ್ಟು ಬೋಲ್ಟನ್ನು ಜಿಪ್ ಕವರಿಗೆ ಹಾಕಿ ಒಳಗೆ ಚೀಟಿ ಇಡಿ. ಚೀಟಿ ಪೆನ್ಸಿಲ್‌ನಲ್ಲಿ ಬರೆದಿರಲಿ, ಎಣ್ಣೆ ತಾಗಿದರೆ ಪೆನ್ನಿನ ಶಾಯಿ ಉಳಿಯುವುದಿಲ್ಲ. ಹಳೆಯ ಗ್ಯಾಸ್ಕೆಟ್, ಹರಿದ ರಬ್ಬರ್ ಬೀಡಿಂಗ್ ಯಾವುದನ್ನೂ ಬಿಸಾಡಬೇಡಿ. ಅಂಗಡಿಯವರಿಗೆ ತೋರಿಸಲು ಅದೇ ಸ್ಯಾಂಪಲ್.

ಓಡುವ ಸ್ಥಿತಿಯಲ್ಲಿರುವ ಕಾರನ್ನು ಪೂರ್ತಿ ಬಿಚ್ಚಲೇಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದೊಂದೇ ವಿಭಾಗ ಸರಿಪಡಿಸುತ್ತಾ, ನಡುನಡುವೆ ಓಡಿಸುತ್ತಾ ಹೋಗಿ. ಉತ್ಸಾಹ ಉಳಿಯುವುದು ಹಾಗೆ.

ಕೈಯಲ್ಲಿರಬೇಕಾದ ಸಾಮಾನು ತೀರಾ ಜಾಸ್ತಿ ಏನಿಲ್ಲ. ಫಿಯಟ್ ಇಟಲಿಯ ಕಾರು, ಮೆಟ್ರಿಕ್ ಸ್ಪ್ಯಾನರ್ ಸಾಕು. ಅಂಬಾಸಿಡರ್‌ನಂಥ ಬ್ರಿಟಿಷ್ ಮೂಲದ ಕಾರಾದರೆ ಇಂಚಿನ ಸೆಟ್ ಬೇಕು. ಬೋಲ್ಟನ್ನು ಅಳತೆಗೆ ಬಿಗಿ ಮಾಡುವ ಒಂದು ಟಾರ್ಕ್ ರೆಂಚ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಮಲ್ಟಿಮೀಟರ್, ಅಗ್ನಿಶಾಮಕ ಸಿಲಿಂಡರ್. ಆಮೇಲೆ ನಾಲ್ಕು ಒಳ್ಳೆಯ ಜ್ಯಾಕ್ ಸ್ಟ್ಯಾಂಡ್. ಬರೀ ಜ್ಯಾಕಿ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಆಧಾರವೂ ಬೇಡ, ಅವು ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತವೆ. ಜೊತೆಗೆ ಆ ಮಾದರಿಯ ವರ್ಕ್‌ಶಾಪ್ ಮ್ಯಾನುಯಲ್ ಹುಡುಕಿಕೊಳ್ಳಿ. ಗ್ಯಾಪ್, ಟಾರ್ಕ್ ಅಳತೆಗಳನ್ನು ಅದರಿಂದಲೇ ತೆಗೆದುಕೊಳ್ಳಿ, ಬಾಯಿಮಾತಿನಿಂದ ಬೇಡ.

ಮೊದಲ ದೊಡ್ಡ ಕೆಲಸ: ಬ್ರೇಕ್

ಹಳೆಯ ಫಿಯಟ್‌ನಲ್ಲಿ ಬ್ರೇಕ್ ಸಿಂಗಲ್ ಸರ್ಕ್ಯೂಟ್. ಅಂದರೆ ನಾಲ್ಕೂ ಚಕ್ರಕ್ಕೆ ಒಂದೇ ಸಾಲಿನಲ್ಲಿ ಆಯಿಲ್ ಹೋಗುತ್ತದೆ. ಎಲ್ಲೋ ಒಂದು ಹೋಸ್ ಒಡೆದರೆ ನಾಲ್ಕೂ ಹೋದ ಹಾಗೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಹಾಗಾಗಿ ಯೋಚನೆಯೇ ಬೇಡ, ಹೋಸ್‌ಗಳೆಲ್ಲ ಹೊಸದು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮತ್ತು ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರ್‌ಗಳ ರಬ್ಬರ್ ಕಿಟ್ ಹೊಸದು. ಸಿಲಿಂಡರ್ ಒಳಗೋಡೆಯ ಮೇಲೆ ಉಗುರು ಆಡಿಸಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರ್‌ನ್ನೇ ಬದಲಾಯಿಸಿ. ಲೋಹದ ಪೈಪ್‌ಗಳಲ್ಲಿ ತುಕ್ಕಿನ ಗುಳಿ ಕಂಡರೆ ಅವೂ ಹೋಗಲಿ.

ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಏರ್ ಹೊಡೆಯಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಜೋಡಿಸಿದ ಮೇಲೆ ಬ್ರೇಕ್ ಪೈಪಿನಲ್ಲಿ ಸಿಕ್ಕಿಕೊಂಡ ಏರ್ ತೆಗೆಯುವುದು. ಮಾಸ್ಟರ್ ಸಿಲಿಂಡರ್‌ನಿಂದ ದೂರವಿರುವ ಚಕ್ರದಿಂದ ಶುರು. ನಮ್ಮ ಬಲಗೈ ಸ್ಟೀರಿಂಗ್ ಕಾರಿನಲ್ಲಿ ಅದು ಹಿಂದಿನ ಎಡ ಚಕ್ರ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಚಕ್ರದ ಹಿಂಬದಿಯಲ್ಲಿರುವ, ಏರ್ ಬಿಡುವ ನಿಪ್ಪಲ್‌ಗೆ ಒಂದು ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬ್ರೇಕ್ ಆಯಿಲ್ ಇರುವ ಗಾಜಿನ ಬಾಟಲಿಯಲ್ಲಿ ಮುಳುಗಿಸಿಡಿ. ಒಳಗೆ ಕೂತವರು ಪೆಡಲ್ ಒತ್ತಿ ‘ಹಿಡಿದಿದ್ದೇನೆ’ ಅನ್ನಬೇಕು. ಆಗ ನೀವು ನಿಪ್ಪಲ್ ಕಾಲು ಸುತ್ತು ಸಡಿಲಿಸುತ್ತೀರಿ. ಪೆಡಲ್ ನೆಲ ಮುಟ್ಟುತ್ತದೆ, ಟ್ಯೂಬಿನಲ್ಲಿ ಗುಳ್ಳೆಗಳು ಓಡುತ್ತವೆ. ನಿಪ್ಪಲ್ ಬಿಗಿ ಮಾಡಿ ‘ಬಿಡಿ’ ಅಂದ ಮೇಲೆಯೇ ಕಾಲು ಎತ್ತಬೇಕು. ಗುಳ್ಳೆ ನಿಲ್ಲುವವರೆಗೆ ಇದೇ ಕೆಲಸ. ನಡುವೆ ಮೇಲಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗಲು ಬಿಟ್ಟರೆ ಮತ್ತೆ ಮೊದಲಿಂದ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೆರೆದಿಟ್ಟ ಹಳೆಯ ಡಬ್ಬಿ ಬಳಸಬೇಡಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ.

ನಿಂತ ಎಂಜಿನ್ ಎಬ್ಬಿಸುವುದು

ಹತ್ತು ವರ್ಷ ನಿಂತ ಕಾರಿಗೆ ಹೊಸ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟ ಐಡಿಯಾ. ತುಕ್ಕು ಹಿಡಿದ ಸಿಲಿಂಡರ್‌ನಲ್ಲಿ ಪಿಸ್ಟನ್ ರಿಂಗ್ ಮುರಿಯುತ್ತದೆ, ಆಯಿಲ್ ಇಲ್ಲದ ಬೇರಿಂಗ್ ಉಜ್ಜಿಹೋಗುತ್ತದೆ.

ನಾಲ್ಕೂ ಪ್ಲಗ್ ಬಿಚ್ಚಿ. ಪ್ಲಗ್ ಬಣ್ಣವೇ ಅರ್ಧ ಕಥೆ ಹೇಳುತ್ತದೆ. ತಿಳಿ ಕಂದು ಇದ್ದರೆ ಎಂಜಿನ್ ನೆಟ್ಟಗಿತ್ತು ಅಂತ, ಎಣ್ಣೆ ಜಿಡ್ಡಿನ ಕಪ್ಪು ಇದ್ದರೆ ರಿಂಗ್ ಸವೆದಿದೆ ಅಂತ. ಪ್ರತಿ ಸಿಲಿಂಡರ್‌ಗೂ ಸ್ವಲ್ಪ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕೆಲವು ದಿನ ಸುಮ್ನೆ ಬಿಡಿ. ಅಷ್ಟರಲ್ಲಿ ಹಳೆಯ ಎಂಜಿನ್ ಆಯಿಲ್ ಇಳಿಸಿ. ಅದು ಹಾಲು ಬೆರೆಸಿದ ಕಾಫಿ ಬಣ್ಣಕ್ಕಿದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಹೊಸ ಆಯಿಲ್ ತುಂಬಿ. 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಮಿನರಲ್ ಆಯಿಲ್ ಈ ಎಂಜಿನ್‌ಗೆ ಒಗ್ಗುತ್ತದೆ. ಈಗಿನ ಕಾರಿನ ತೆಳು ಸಿಂಥೆಟಿಕ್ ಆಯಿಲ್ ಹಳೆಯ ಸೀಲ್‌ಗಳಲ್ಲಿ ಸೋರಬಹುದು.

ಆಮೇಲೆ ಗೇರ್ ನ್ಯೂಟ್ರಲ್ ಮಾಡಿ, ಮುಂಬದಿಯಿಂದ ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ಎಂಜಿನ್ ಕೈಯಿಂದ ತಿರುಗಿಸಿ. ಇಲ್ಲೊಂದು ಮಾತು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಪಕ್ಕದಲ್ಲೇ ಇರಬೇಕು, ಮುಷ್ಟಿ ಸುತ್ತಬಾರದು. ಬಲ ಹಾಕುವುದು ಕೆಳಗಿನಿಂದ ಮೇಲಕ್ಕೆ ಎಳೆಯುವಾಗ ಮಾತ್ರ. ಎಂಜಿನ್ ಹತ್ತಿಕೊಂಡು ಹ್ಯಾಂಡಲ್ ಹಿಂದಕ್ಕೆ ಒದ್ದರೆ ಸುತ್ತಿಕೊಂಡ ಹೆಬ್ಬೆರಳು ಮುರಿಯುತ್ತದೆ. ಹಳೆಯ ಟ್ಯಾಕ್ಸಿ ಡ್ರೈವರ್‌ಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಸಲೀಸಾಗಿ ತಿರುಗಿದರೆ ಪ್ಲಗ್ ಹಾಕದೆಯೇ ಸೆಲ್ಫ್ ಹೊಡೆದು ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವವರೆಗೆ ತಿರುಗಿಸಿ. ಈಗ ಬೇರಿಂಗ್‌ಗಳಿಗೆ ಎಣ್ಣೆ ಮುಟ್ಟಿದೆ. ಸಿಲಿಂಡರ್ ಒಳಗಿನ ಒತ್ತಡ ತೋರಿಸುವ ಕಂಪ್ರೆಷನ್ ಗೇಜ್ ಇಟ್ಟು ನಾಲ್ಕನ್ನೂ ಅಳೆಯಿರಿ. ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ಒಂದರಲ್ಲಿ ಕಡಿಮೆ ಬಂದರೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಹೋಗಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಈ ಒಂದು ಪರೀಕ್ಷೆ ಮಾಡದೆ ‘ಎಂಜಿನ್ ಇಳಿಸಬೇಕು’ ಅನ್ನುವ ಮೆಕ್ಯಾನಿಕ್‌ಗೆ ಒಪ್ಪಬೇಡಿ.

ಇಳಿಸಲೇಬೇಕಾದರೆ ಬೋರಿಂಗ್ (ಸವೆದ ಸಿಲಿಂಡರ್ ಕೊರೆದು ಸರಿಮಾಡುವುದು), ಕ್ರ್ಯಾಂಕ್ ಗ್ರೈಂಡಿಂಗ್ ಕೆಲಸಕ್ಕೆ ಹಳೆಯ ಎಂಜಿನ್ ಕಂಡ ಮಷೀನ್ ಶಾಪ್ ಹುಡುಕಿ. ಪಿಸ್ಟನ್ ಮೊದಲು ಕೊಂಡು, ಅದನ್ನು ಕೈಗೆ ಕೊಟ್ಟು, ಅದರ ಅಳತೆಗೇ ಬೋರ್ ಮಾಡಿಸಿ. ಫಿಯಟ್‌ನ ಹೆಡ್ ಅಲ್ಯೂಮಿನಿಯಂನದು. ಬಿಸಿ ಇದ್ದಾಗ ಬಿಚ್ಚಿದರೆ ಬಾಗುತ್ತದೆ. ಸಾದಾ ಪೆಟ್ರೋಲಿನಿಂದ ಸೀಸ ಹೋದದ್ದು 2000ರಲ್ಲಿ. ಹಳೆಯ ಎಂಜಿನ್‌ಗಳ ವಾಲ್ವ್ ಸೀಟಿಗೆ, ಅಂದರೆ ವಾಲ್ವ್ ಬಂದು ಕೂರುವ ಜಾಗಕ್ಕೆ, ಸವೆಯದಂತೆ ಸೀಸವೇ ಆಸರೆಯಾಗಿತ್ತು. ಅಲ್ಯೂಮಿನಿಯಂ ಹೆಡ್‌ನಲ್ಲಿ ಸೀಟ್ ಪ್ರತ್ಯೇಕವಾಗಿ ಕೂರಿಸಿರುವುದರಿಂದ ಫಿಯಟ್‌ಗೆ ಚಿಂತೆ ಕಡಿಮೆ. ಎರಕದ ಕಬ್ಬಿಣದ ಹೆಡ್ ಇರುವ ಹಳೆಯ 1489 ಸಿಸಿ ಅಂಬಾಸಿಡರ್ ಆದರೆ ಹೆಡ್ ಬಿಚ್ಚಿದಾಗಲೇ ಗಟ್ಟಿ ಸೀಟ್ ಹಾಕಿಸಿಬಿಡಿ.

ಥರ್ಮೋಸ್ಟಾಟ್ ವಿಷಯ. ಎಂಜಿನ್ ಕಾವಿಗೆ ಬರುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಭಾಗ ಅದು. ‘ತೆಗೆದು ಬಿಸಾಕಿ ಸಾರ್, ಕೂಲ್ ಆಗಿರುತ್ತೆ’ ಅನ್ನುವ ಸಲಹೆ ಪ್ರತಿ ಊರಲ್ಲೂ ಸಿಗುತ್ತದೆ. ಕೇಳಬೇಡಿ. ಎಂಜಿನ್ ಬೇಗ ಕಾವಿಗೆ ಬರದಿದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತಿದ್ದರೆ ರೇಡಿಯೇಟರ್ ಒಳಗೆ ಕಟ್ಟಿದ ಗಸಿ, ಸಡಿಲವಾದ ಫ್ಯಾನ್ ಬೆಲ್ಟ್, ಸವೆದ ವಾಟರ್ ಪಂಪ್ ಇವುಗಳನ್ನು ನೋಡಬೇಕು.

ಪೆಟ್ರೋಲ್ ದಾರಿ ಮತ್ತು ಎಥನಾಲ್

ಈಗ ಬಂಕ್‌ಗಳಲ್ಲಿ ಸಿಗುವ ಮಾಮೂಲಿ ಪೆಟ್ರೋಲ್‌ನಲ್ಲಿ 20 ಶೇಕಡಾ ಎಥನಾಲ್. 1960ರ ದಶಕದ ರಬ್ಬರ್‌ಗೆ ಇದು ವಿಷ. ಹಳೆಯ ಪೈಪ್ ಮೆತ್ತಗಾಗಿ ಬಿರಿಯುತ್ತದೆ, ಪೆಟ್ರೋಲ್ ಪಂಪಿನ ಡಯಾಫ್ರಮ್ ಗಟ್ಟಿಯಾಗಿ ಹರಿಯುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಇರುವ ಪ್ರತಿ ರಬ್ಬರ್ ತುಂಡನ್ನೂ ಎಥನಾಲ್ ತಡೆಯುವ ಈಗಿನ ಪೈಪಿಗೆ ಬದಲಾಯಿಸಿ.

ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಟ್ಯಾಂಕ್ ಇಳಿಸಿ ತೊಳೆಯುವಾಗ ಒಂದು ಹಿಡಿ ನಟ್ಟು ಹಾಕಿ ಕುಲುಕಿದರೆ ಸಡಿಲ ತುಕ್ಕು ಏಳುತ್ತದೆ. ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ತೂತು ಬಿದ್ದ ಟ್ಯಾಂಕನ್ನು ಬೆಸುಗೆ ಹಾಕಿಸುವುದಾದರೆ ಈ ಕೆಲಸ ಗೊತ್ತಿರುವವರಿಗೇ ಕೊಡಿ. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಬಾಂಬ್ ಥರ ಸಿಡಿಯುತ್ತದೆ.

ಸೋಲೆಕ್ಸ್ ಕಾರ್ಬೊರೇಟರ್ ಸರಳ. ಬಿಚ್ಚಿ, ಕ್ಲೀನರ್‌ನಲ್ಲಿ ತೊಳೆದು, ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಜೆಟ್‌ಗಳಿಗೆ ಏರ್ ಹೊಡೆಯಿರಿ. ತಂತಿ ತೂರಿಸಬೇಡಿ, ರಂಧ್ರ ಅಗಲವಾದರೆ ಮೈಲೇಜ್ ಹೋಯಿತು.

ಕಿಡಿ ಮತ್ತು ವೈರಿಂಗ್

ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರ್. ಅದರೊಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್, ಜೊತೆಗೆ ಕಂಡೆನ್ಸರ್, ರೋಟರ್, ಕ್ಯಾಪ್, ಪ್ಲಗ್ ವೈರ್ ಎಲ್ಲ ಒಟ್ಟಿಗೆ ಬದಲಾಯಿಸಿ. ಪಾಯಿಂಟ್ ಗ್ಯಾಪ್ ಎಷ್ಟು ಅನ್ನುವುದು ಯಾವ ಕಂಪನಿಯ ಡಿಸ್ಟ್ರಿಬ್ಯೂಟರ್ ಅನ್ನುವುದರ ಮೇಲೆ ನಿಂತಿದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ, 1-3-4-2, ಫ್ಯಾನ್ ಕಡೆಯದು ಒಂದನೆಯ ಸಿಲಿಂಡರ್.

ಟೈಮಿಂಗ್, ಅಂದರೆ ಕಿಡಿ ಹಾರುವ ಸರಿಯಾದ ಕ್ಷಣ, ಇಡಲು ದುಬಾರಿ ಉಪಕರಣ ಬೇಡ. 12 ವೋಲ್ಟಿನ ಒಂದು ಬಲ್ಬಿಗೆ ಎರಡು ವೈರ್ ಬೆಸೆಯಿರಿ. ಒಂದನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್‌ಗೆ, ಇನ್ನೊಂದನ್ನು ಬಾಡಿಗೆ ಕೊಡಿ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಮೇಲಿನ ಟೈಮಿಂಗ್ ಗುರುತಿನ ಹತ್ತಿರಕ್ಕೆ ಎಂಜಿನ್ ನಿಧಾನಕ್ಕೆ ಕೈಯಲ್ಲಿ ತಿರುಗಿಸಿ. ಪಾಯಿಂಟ್ ತೆರೆದ ಕ್ಷಣಕ್ಕೆ ಬಲ್ಬ್ ಹತ್ತುತ್ತದೆ. ಗುರುತು ಬರುವುದೂ ಬಲ್ಬ್ ಹತ್ತುವುದೂ ಒಂದೇ ಸಲ ಆಗುವಂತೆ ಡಿಸ್ಟ್ರಿಬ್ಯೂಟರ್ ಹೊಂದಿಸಿ ಬಿಗಿ ಮಾಡಿ. ಇದಿಷ್ಟೇ.

ವೈರಿಂಗ್‌ನಲ್ಲಿ ಇಲಿ ಕಡಿದದ್ದು, ಟೇಪ್ ಸುತ್ತಿದ್ದು ಕಂಡರೆ ಪೂರ್ತಿ ಹೊಸ ಹಾರ್ನೆಸ್ ಹಾಕಿಸಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್ ಇರಬಹುದು, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರಬಹುದು, ಬ್ಯಾಟರಿ ಕೊಡುವ ಮೊದಲು ಖಾತ್ರಿ ಮಾಡಿಕೊಳ್ಳಿ.

ಟಿಂಕರಿಂಗ್, ಪೇಂಟಿಂಗ್

ಇಲ್ಲಿಯವರೆಗೆ ಬಂದು, ಕಾರು ಒಂದಷ್ಟು ಕಾಲ ಓಡಿ, ಸೋರುವುದೆಲ್ಲ ಸೋರಿ ಮುಗಿದ ಮೇಲೆ ಬಾಡಿ ಕೆಲಸ.

ಕೊಳೆತ ತಗಡಿನ ಮೇಲೆ ಇನ್ನೊಂದು ತಗಡು ಬೆಸೆಯುವುದು ಸೋಮಾರಿ ಕೆಲಸ. ಎರಡರ ನಡುವೆ ನೀರು ನಿಂತು ಎರಡೂ ಹೋಗುತ್ತವೆ. ಕೊಳೆತದ್ದನ್ನು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು. ಗ್ಯಾಸ್ ವೆಲ್ಡಿಂಗ್‌ಗಿಂತ ವರ್ಕ್‌ಶಾಪ್‌ನವರು ಸಿಓಟು ಅನ್ನುವ ಮಿಗ್ ವೆಲ್ಡಿಂಗ್ ಮೇಲು, ತಗಡು ಕಡಿಮೆ ಸೊಟ್ಟಗಾಗುತ್ತದೆ. ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿನ ಅಡ್ಡಕ್ಕೆ ಒಂದು ಕಬ್ಬಿಣದ ಪೈಪ್ ಬೆಸೆದು ಆಧಾರ ಕೊಡಿ. ಇಲ್ಲದಿದ್ದರೆ ಬಾಡಿ ನಡುವೆ ಕುಸಿದು, ಆ ಬಾಗಿಲು ಇನ್ನೆಂದೂ ಸರಿಯಾಗಿ ಮುಚ್ಚುವುದಿಲ್ಲ. ಬೆಸುಗೆ ಶುರುವಾಗುವಾಗ ಬ್ಯಾಟರಿ ಕಳಚಿ, ಟ್ಯಾಂಕ್ ದೂರ ಇಟ್ಟಿರಬೇಕು. ಸಿಲ್‌ನ ಒಳಗಡೆ ವ್ಯಾಕ್ಸ್ ಹೊಡೆಸಿ. ಕೆಳಗಿರುವ ನೀರು ಹೋಗುವ ತೂತುಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

ಪುಟ್ಟಿ ಕೆಟ್ಟದ್ದಲ್ಲ. ತೆಳುವಾಗಿ ಎಳೆದರೆ ಪುಟ್ಟಿ, ಬೆರಳು ದಪ್ಪಕ್ಕೆ ತುಂಬಿದರೆ ಮೋಸ. ತಗಡನ್ನು ಸುತ್ತಿಗೆ-ಡಾಲಿಯಲ್ಲಿ ಆದಷ್ಟೂ ತಟ್ಟಿ ನೇರ ಮಾಡಿದ ಮೇಲೆಯೇ ಅದು ಬರಬೇಕು.

ಬಣ್ಣದಲ್ಲಿ ಎರಡು ದಾರಿ. ಆ ಕಾಲದ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್‌ನ ಹೊಳಪು ಮೆದು, ಕಣ್ಣಿಗೆ ಹಿತ, ಆದರೆ ಬೇಗ ಮಂಕಾಗುತ್ತದೆ. ಈಗಿನ ಪಿಯು (ಪಾಲಿಯುರೆಥೇನ್) ಪೇಂಟ್ ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ, ಆದರೆ ಕೆಲವೊಮ್ಮೆ ಗಾಜಿನ ಹಾಗೆ ಅತಿಯಾಗಿ ಹೊಳೆದು ಹಳೆಯ ಕಾರಿಗೆ ಒಪ್ಪುವುದಿಲ್ಲ. ಓಡಿಸುವ ಕಾರಿಗೆ ನಾನು ಪಿಯು ಅನ್ನುತ್ತೇನೆ, ಮೆಟಾಲಿಕ್ ಮಾತ್ರ ಬೇಡ. ಮೂಲ ಬಣ್ಣ ಯಾವುದು ಅಂತ ತಿಳಿಯಲು ಗ್ಲೋವ್ ಬಾಕ್ಸ್ ಹಿಂದೆ ಅಥವಾ ಬಾಗಿಲ ಪ್ಯಾಡ್ ಒಳಗೆ ನೋಡಿ. ರೀಪೇಂಟ್ ಮಾಡಿದವರ ಗನ್ ಅಲ್ಲಿಗೆ ತಲುಪಿರುವುದಿಲ್ಲ. ಪಿಯು ಪೇಂಟ್‌ನ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶ ಕೆಡಿಸುತ್ತದೆ. ಮನೆಯ ಶೆಡ್‌ನಲ್ಲಿ ಬಟ್ಟೆ ಕಟ್ಟಿಕೊಂಡು ಹೊಡೆಯುವ ಸಾಹಸ ಬೇಡ, ಬೂತ್ ಇರುವವರಿಗೆ ಕೊಡಿ. ಮಳೆಗಾಲದಲ್ಲಂತೂ ಬಣ್ಣದ ಕೆಲಸ ಇಟ್ಟುಕೊಳ್ಳಲೇಬೇಡಿ. ಗಾಳಿಯ ತೇವಕ್ಕೆ ಎನ್‌ಸಿ ಪೇಂಟ್ ಬೂದು ಹಿಡಿಯುತ್ತದೆ. ಜನವರಿಯಿಂದ ಏಪ್ರಿಲ್ ಸರಿಯಾದ ಕಾಲ.

ಪೇಂಟ್ ಮುಗಿದ ಮೇಲೆ ಅರ್ಧ ದೀಪ ಹತ್ತದಿದ್ದರೆ ಗಾಬರಿಯಾಗಬೇಡಿ. ಅರ್ಥ್ ವೈರ್ ಕೂರುವ ಜಾಗಕ್ಕೂ ಬಣ್ಣ ಹೊಡೆದಿರುತ್ತಾರೆ. ಅಲ್ಲಿ ಕೆರೆದು ಬರಿ ಲೋಹಕ್ಕೆ ಬಿಗಿ ಮಾಡಿ.

ಕ್ರೋಮ್ ಕೆಲಸಕ್ಕೆ ಖರ್ಚು ಜಾಸ್ತಿ. ಬಂಪರ್‌ನಂಥ ಕಬ್ಬಿಣದ ಭಾಗಕ್ಕೆ ತಾಮ್ರ, ನಿಕಲ್, ಮೇಲೆ ಕ್ರೋಮ್ ಹೀಗೆ ಪದರ ಹಾಕಿಸಬೇಕು. ತಾಮ್ರ ತಪ್ಪಿಸಿ ಅಗ್ಗಕ್ಕೆ ಮಾಡಿದ್ದು ಬೇಗ ತುಕ್ಕು ಕಾರುತ್ತದೆ. ಬಾಗಿಲ ಹಿಡಿ, ಲಾಂಛನದಂಥ ಮಜಾಕ್ (ಸತುವಿನ ಮಿಶ್ರಲೋಹ) ಭಾಗಗಳಲ್ಲಿ ಗುಳ್ಳೆ ಎದ್ದಿದ್ದರೆ ಮತ್ತೆ ಪ್ಲೇಟಿಂಗ್ ಮಾಡುವುದು ಕಷ್ಟ, ಗುಜರಿಯಲ್ಲಿ ಒಳ್ಳೆಯದನ್ನು ಹುಡುಕುವುದೇ ಲೇಸು. ಒಳಗಿನ ಸೀಟಿಗೆ ರೆಕ್ಸಿನ್ ಸಾಕು, ಹಳೆಯ ಹೊಲಿಗೆಯ ಪಟ್ಟೆಗಳ ಅಗಲ ಅಳೆದಿಟ್ಟುಕೊಂಡು ಹಾಗೆಯೇ ಹೊಲಿಸಿ. ಕಾರು ಮೂಲದಲ್ಲಿ ಹೇಗಿತ್ತು ಅಂತ ಅನುಮಾನ ಬಂದರೆ ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಮ್ಯೂಸಿಯಂ ಅಥವಾ ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹಕ್ಕೆ ಒಮ್ಮೆ ಹೋಗಿಬನ್ನಿ. ಚೆನ್ನಾಗಿ ಉಳಿಸಿಕೊಂಡ ಕಾರುಗಳನ್ನು ಎದುರಿಗೇ ನೋಡಿದರೆ ಫೋಟೊದಲ್ಲಿ ತಿಳಿಯದ್ದು ತಿಳಿಯುತ್ತದೆ.

ಆಮೇಲೆ ನೋಡಿಕೊಳ್ಳುವುದು

ಹಳೆಯ ಕಾರು ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಜಾಸ್ತಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಸಾಲದು. ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರ್, ಆಯಿಲ್ ಎರಡರಲ್ಲೂ ನೀರು ಕೂರುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಎಲ್ಲ ಗೇರ್ ಹಾಕಿ, ಬ್ರೇಕ್ ಚೆನ್ನಾಗಿ ಒತ್ತಿ. ಮೊದಲನೇ ಗೇರಿಗೆ ಹಲ್ಲು ಸಲೀಸಾಗಿ ಕೂಡಿಸುವ ಸಿಂಕ್ರೊಮೆಶ್ ಇಲ್ಲ, ಕಾರು ಪೂರ್ತಿ ನಿಂತ ಮೇಲೆಯೇ ಹಾಕಿ.

ಕಿಂಗ್ ಪಿನ್ (ಮುಂದಿನ ಚಕ್ರ ತಿರುಗುವ ಕೀಲು) ಮತ್ತು ಮುಂದಿನ ಸಸ್ಪೆನ್ಷನ್‌ನ ಗ್ರೀಸ್ ನಿಪ್ಪಲ್‌ಗಳಿಗೆ ಗ್ರೀಸ್ ಹೊಡೆಯುವುದು ಈಗಿನ ಕಾರು ಓಡಿಸುವವರಿಗೆ ಗೊತ್ತೇ ಇಲ್ಲದ ಕೆಲಸ. ಹಳೆಯ ಕಪ್ಪು ಗ್ರೀಸ್ ಹೊರಬಿದ್ದು ಹೊಸದು ಕಾಣಿಸುವವರೆಗೆ ಗನ್ ಒತ್ತಿ. ಎಂಜಿನ್ ಆಯಿಲ್ ಎಷ್ಟೇ ಕಡಿಮೆ ಓಡಿದ್ದರೂ ವರ್ಷಕ್ಕೊಮ್ಮೆ. ಕವರ್ ಹಾಕುವುದಾದರೆ ಬಟ್ಟೆಯದು, ಪ್ಲಾಸ್ಟಿಕ್ ಹಾಳೆ ಒಳಗೆ ಬೆವರು ಕಟ್ಟುತ್ತದೆ. ಮಳೆಗಾಲದಲ್ಲಿ ಓಡಿಸಿ ಬಂದ ದಿನ ಮ್ಯಾಟ್ ಎತ್ತಿ ಫ್ಲೋರ್ ಒಣಗಿದೆಯಾ ನೋಡಿ. ಗಾಜಿನ ಬೀಡಿಂಗ್‌ನಿಂದ ಇಳಿದ ನೀರು ಅಲ್ಲೇ ನಿಲ್ಲುವುದು.

ಟೈರ್ ವಿಷಯದಲ್ಲಿ ಹಲ್ಲು ನೋಡಿ ಮೋಸಹೋಗಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ. ಕಡಿಮೆ ಓಡುವ ಕಾರಿನ ಟೈರ್ ಸವೆಯುವ ಮುಂಚೆ ಮುದಿಯಾಗುತ್ತದೆ. ಬದಿಯಲ್ಲಿ ಬಿರುಕು ಕಂಡರೆ ಹೊಸದು ಹಾಕಿಸಿ.

ದೂರ ಹೊರಡುವಾಗ ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ಪಾಯಿಂಟ್ ಸೆಟ್, ಕಂಡೆನ್ಸರ್, ಎರಡು ಪ್ಲಗ್, ಪೆಟ್ರೋಲ್ ಪಂಪ್ ಕಿಟ್, ಫ್ಯೂಸ್, ಒಂದು ಮೀಟರ್ ಪೆಟ್ರೋಲ್ ಪೈಪ್, ಎರಡು ಬಾಟಲಿ ನೀರು ಇರಲಿ. ಹೆದ್ದಾರಿಯಲ್ಲಿ ನಿಂತರೆ ಕೆಟ್ಟದ್ದು ಬಹುಮಟ್ಟಿಗೆ ಇದರಲ್ಲೊಂದೇ ಆಗಿರುತ್ತದೆ. ಕಂಡೆನ್ಸರ್ ಮಾತ್ರ ಎರಡು ಇಟ್ಟುಕೊಳ್ಳಿ, ಈಗ ಸಿಗುವ ಕೆಲವು ಹೊಸ ಕಂಡೆನ್ಸರ್‌ಗಳು ಡಬ್ಬಿಯಿಂದ ತೆಗೆದಾಗಲೇ ಸತ್ತಿರುತ್ತವೆ.